ಡ್ರಮ್ ಸ್ಮೋಕರ್ ಹಠ ಮಾಡುತ್ತಿದ್ದರೆ ಮೊದಲು ಗಾಳಿ ನೋಡಿ

ಗುಜರಿ ಅಂಗಡಿಯ ಡ್ರಮ್ಮು, ಹಳೇ ಬಾರ್ಬೆಕ್ಯೂ ಗ್ರಿಲ್ಲಿನ ಜಾಲರಿ, ಯಾವುದೋ ಓವನ್ನಿನಿಂದ ಕಿತ್ತ ಥರ್ಮಾಮೀಟರ್, ಹೋಟೆಲಿನವರು ಎಸೆದ ಕಬಾಬ್ ಸ್ಟ್ಯಾಂಡಿನ ಕಾಲು. ಇಷ್ಟನ್ನು ಸೇರಿಸಿ ವೆಲ್ಡಿಂಗ್ ಮಾಡಿಸಿದರೆ ಸ್ಮೋಕರ್ ಆಗುತ್ತದೆ, ಅಂದರೆ ಮಾಂಸವನ್ನು ಇದ್ದಿಲಿನ ಶಾಖದಲ್ಲಿ, ಸೌದೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ. ಆದರೆ ಹೇಳಿದ ಮಾತು ಕೇಳುವ ಸ್ಮೋಕರ್ ಆಗಬೇಕಾದರೆ ಇನ್ನೂ ಸ್ವಲ್ಪ ಕೆಲಸ ಇರುತ್ತದೆ. ಒಂದು ದಿನ ಶಾಖ ಏರುತ್ತಲೇ ಹೋಗುತ್ತದೆ, ಇನ್ನೊಂದು ದಿನ ಬೆಂಕಿಯೇ ಏಳುವುದಿಲ್ಲ, ಮತ್ತೊಂದು ದಿನ ಮಾಂಸ ಕಹಿ. ಆಗ ಎಲ್ಲರೂ ಮಾಡುವುದು ಒಂದೇ: ಇದ್ದಿಲು ಬದಲಾಯಿಸುತ್ತಾರೆ, ಸೌದೆ ಬದಲಾಯಿಸುತ್ತಾರೆ, ಮಸಾಲೆಯನ್ನೂ ಬೈಯುತ್ತಾರೆ.

ಇವು ಯಾವುದನ್ನೂ ಮುಟ್ಟಬೇಡಿ. ಡ್ರಮ್ ಸ್ಮೋಕರಿನಲ್ಲಿ ಬೆಂಕಿಯ ತೊಂದರೆ ಅಂತ ಕಾಣುವುದು ಬಹುಪಾಲು ಗಾಳಿಯ ತೊಂದರೆ. ಹಾಗಾಗಿ ಪರೀಕ್ಷೆಗೂ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಥರ್ಮಾಮೀಟರ್, ಆಮೇಲೆ ಮೇಲಿನ ಹೊಗೆಕಿಂಡಿ, ಕೆಳಗಿನ ಗಾಳಿಕಿಂಡಿ, ಸಂದುಗೊಂದುಗಳು, ಅದಾದ ಮೇಲೆ ಇದ್ದಿಲು. ಮಾಂಸ ಕಟ್ಟಕಡೆಗೆ.

ಇಲ್ಲಿ ನಾನು ಹೇಳುತ್ತಿರುವುದು ಸಾಮಾನ್ಯವಾದ 200 ಲೀಟರ್ ಉಕ್ಕಿನ ಡ್ರಮ್ಮಿನ ಲೆಕ್ಕದಲ್ಲಿ. ಎತ್ತರ ಹತ್ತಿರ ಹತ್ತಿರ 88 ಸೆಂಟಿಮೀಟರ್, ಅಡ್ಡಳತೆ 57-58. ತಳದಿಂದ ಎರಡು ಇಂಚು ಮೇಲೆ ಮುಕ್ಕಾಲು ಇಂಚಿನ ಮೂರು ಅಥವಾ ನಾಲ್ಕು ಗಾಳಿ ಪೈಪು. ಅದರಲ್ಲಿ ಒಂದಕ್ಕೆ ಬಾಲ್ ವಾಲ್ವ್, ಉಳಿದವಕ್ಕೆ ಮುಚ್ಚಳ. ತಳದಲ್ಲಿ ಕಾಲಿರುವ ಇದ್ದಿಲಿನ ಬುಟ್ಟಿ, ಅದರಿಂದ ಸುಮಾರು ಎರಡು ಅಡಿ ಮೇಲೆ ಮಾಂಸದ ಜಾಲರಿ, ತಲೆಯ ಮುಚ್ಚಳದಲ್ಲಿ ಹೊಗೆಕಿಂಡಿ. ನಿಮ್ಮದು ಇದಕ್ಕಿಂತ ಬೇರೆ ಇದ್ದರೂ ಪರವಾಗಿಲ್ಲ, ಪರೀಕ್ಷೆ ಮಾಡುವ ರೀತಿ ಅದೇ. ನಮಗೆ ಬೇಕಾದ ಶಾಖ ಜಾಲರಿಯ ಮಟ್ಟದಲ್ಲಿ 107ರಿಂದ 135 ಡಿಗ್ರಿ ಸೆಲ್ಸಿಯಸ್.

ಥರ್ಮಾಮೀಟರ್ ಸುಳ್ಳು ಹೇಳುತ್ತಿದೆಯಾ?

ಹಳೇ ಗ್ರಿಲ್ಲಿನಿಂದ ಕಿತ್ತ ಡಯಲ್ ಆದರೆ ಮೊದಲು ಅದರ ಮುಖ ನೋಡಿ. ವಿದೇಶಿ ಗ್ರಿಲ್ಲಿನ ಡಯಲ್‌ಗಳಲ್ಲಿ ಫ್ಯಾರನ್‌ಹೀಟ್ ಇರುವುದೇ ಜಾಸ್ತಿ. ಅಕ್ಷರ ಉಜ್ಜಿ ಹೋಗಿದ್ದರೆ 225 ಅಂತ ಕಂಡದ್ದನ್ನು ಸೆಲ್ಸಿಯಸ್ ಅಂದುಕೊಂಡು ಗಾಬರಿಯಾಗಿ ಎಲ್ಲಾ ವಾಲ್ವ್ ಮುಚ್ಚುವವರಿದ್ದಾರೆ. ಆ 225 ನಮ್ಮ 107. ಅಂದರೆ ಸ್ಮೋಕರ್ ಸರಿಯಾಗಿಯೇ ಇದೆ.

ಆಮೇಲೆ ಕುದಿಯುವ ನೀರಿನ ಪರೀಕ್ಷೆ. ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಎರಡು ಇಂಚಾದರೂ ಮುಳುಗಿಸಿ, ಪಾತ್ರೆಯ ತಳಕ್ಕೆ ತಾಗದಂತೆ ಹಿಡಿಯಿರಿ. ಮುಳ್ಳು ನಿಂತ ಮೇಲೆ ಓದಿ. ಇಲ್ಲೊಂದು ಸೂಕ್ಷ್ಮ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು 100 ಡಿಗ್ರಿಯವರೆಗೆ ಹೋಗುವುದೇ ಇಲ್ಲ, 97.5ರ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಡ್ಯ ಸ್ವಲ್ಪ ತಗ್ಗಿನಲ್ಲಿದೆ, ಅಲ್ಲಿ 98ರ ಹತ್ತಿರ. ಫ್ಯಾರನ್‌ಹೀಟ್ ಡಯಲ್ ಆದರೆ 207-208 ತೋರಿಸಬೇಕು. 100 ತೋರಿಸಲಿಲ್ಲ ಅಂತ ಒಳ್ಳೆಯ ಥರ್ಮಾಮೀಟರಿನ ಹಿಂದಿರುವ ನಟ್ಟು ತಿರುಗಿಸಿ ಕೆಡಿಸಬೇಡಿ. ಎಂಟು ಹತ್ತು ಡಿಗ್ರಿ ವ್ಯತ್ಯಾಸ ಇದ್ದರೆ ಮಾತ್ರ ಆ ನಟ್ಟಿನ ಸಹವಾಸ. ನಟ್ಟಿಲ್ಲದ ಡಯಲ್ ಆದರೆ ವ್ಯತ್ಯಾಸ ಎಷ್ಟು ಅಂತ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರೂ ಸಾಕು.

ಇನ್ನೊಂದು ವಿಷಯ. ಮುಚ್ಚಳದಲ್ಲಿರುವ ಥರ್ಮಾಮೀಟರ್ ಮುಚ್ಚಳದ ಶಾಖ ಹೇಳುತ್ತದೆ, ಮಾಂಸದ ಪಕ್ಕದ್ದಲ್ಲ. ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲಿ. ಡ್ರಮ್ಮಿನ ಪಕ್ಕದಲ್ಲಿ ಜಾಲರಿಯ ಮಟ್ಟಕ್ಕೆ ತೂತು ಹೊಡೆದು ಹಾಕಿದ್ದರೆ ಒಳ್ಳೆಯದು. ಅಲ್ಲೂ ಕಡ್ಡಿ ತಣ್ಣನೆಯ ಮಾಂಸಕ್ಕೆ ತಾಗಿಕೊಂಡಿದ್ದರೆ ಕಡಿಮೆ ತೋರಿಸುತ್ತದೆ. ಕಡ್ಡಿಗೆ ಮಸಿ ದಪ್ಪಗೆ ಹಿಡಿದಿದ್ದರೆ ಮುಳ್ಳು ಸೋಮಾರಿಯಾಗುತ್ತದೆ. ಒರೆಸಿ.

ಶಾಖ ಏರುತ್ತಲೇ ಇದೆ, ಇಳಿಯುತ್ತಿಲ್ಲ

ಗುಜರಿ ಸಾಮಾನಿನಿಂದ ಮಾಡಿದ ಡ್ರಮ್ಮಿಗೆ ಬರುವ ಅತಿ ದೊಡ್ಡ ಕಾಯಿಲೆ ಇದು. ವಾಲ್ವ್ ಮುಚ್ಚಿದ್ದೀರಿ, ಪೈಪಿಗೆ ಮುಚ್ಚಳ ಹಾಕಿದ್ದೀರಿ, ಆದರೂ ಮುಳ್ಳು 160 ದಾಟಿ 180ರ ಕಡೆ ಹೊರಟಿದೆ. ಅಂದರೆ ನೀವು ಕೊಡದ ಗಾಳಿಯನ್ನು ಬೆಂಕಿ ಎಲ್ಲಿಂದಲೋ ಕುಡಿಯುತ್ತಿದೆ.

ಇಲ್ಲಿ ಜನ ಎಡವುವುದು ಒಂದೇ ಕಡೆ. ಮುಚ್ಚಳದ ಸಂದಿನಿಂದ ಹೊಗೆ ಬರುತ್ತಿರುತ್ತದೆ. ಕಣ್ಣಿಗೆ ಕಾಣುತ್ತದಲ್ವಾ, ಹಾಗಾಗಿ ಅದೇ ಕಳ್ಳ ಅಂತ ತೀರ್ಮಾನ ಮಾಡಿ ಸುತ್ತ ಫಾಯಿಲ್ ತುರುಕುತ್ತಾರೆ. ಆದರೆ ಹೊಗೆ ಹೊರಗೆ ಬರುವ ಸಂದು ಅಂಥಾ ದೊಡ್ಡ ತೊಂದರೆ ಕೊಡುವುದಿಲ್ಲ. ಅದು ಇನ್ನೊಂದು ಸಣ್ಣ ಹೊಗೆಕಿಂಡಿಯಾಗಿ ಕೆಲಸ ಮಾಡುತ್ತದೆ, ಅಷ್ಟೇ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತಾ ಕೆಳಗಿನಿಂದ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಜವಾದ ಕಳ್ಳ ಇರುವುದು ಕೆಳಗೆ, ಬೆಂಕಿಯ ಮಟ್ಟದಲ್ಲಿ. ಅಲ್ಲಿ ಗಾಳಿ ಒಳಗೆ ಹೋಗುತ್ತಿರುತ್ತದೆ, ಹೊಗೆ ಹೊರಗೆ ಬರುವುದೇ ಇಲ್ಲ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಹೊಗೆ ಬರುವ ಕಡೆಗಿಂತ ಬರದ ಕಡೆಯೇ ಹುಡುಕಿ.

ಹುಡುಕುವುದಕ್ಕೆ ಮೈಸೂರಿನವರು ಅಂಗಡಿಗೂ ಹೋಗಬೇಕಿಲ್ಲ, ದೇವರ ಮನೆಗೆ ಹೋದರೆ ಸಾಕು. ಒಂದು ಊದುಬತ್ತಿ ಹಚ್ಚಿ. ಡ್ರಮ್ಮಿನಲ್ಲಿ ಬೆಂಕಿ ಚೆನ್ನಾಗಿ ಹಿಡಿದು, ಕೆಳಗಿನ ಗಾಳಿಕಿಂಡಿ ಎಲ್ಲಾ ಮುಚ್ಚಿ, ಮೇಲಿನ ಹೊಗೆಕಿಂಡಿ ಪೂರ್ತಿ ತೆಗೆದಿರಬೇಕು. ಗಾಳಿ ಬೀಸದ ಹೊತ್ತು ನೋಡಿಕೊಳ್ಳಿ. ಊದುಬತ್ತಿಯನ್ನು ತಳದ ಅಂಚು, ಪೈಪಿನ ಬುಡ, ಬೋಲ್ಟಿನ ತಲೆ, ಬಾಗಿಲಿನ ಸಂದು, ಹೀಗೆ ಒಂದೊಂದೇ ಜಾಗಕ್ಕೆ ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದು ನಿಧಾನವಾಗಿ ಸುತ್ತಿ. ಹೊಗೆ ನೇರವಾಗಿ ಮೇಲೆ ಹೋಗುತ್ತಿದ್ದರೆ ಆ ಜಾಗ ಸರಿ ಇದೆ. ದಾರ ಎಳೆದ ಹಾಗೆ ಬಾಗಿ ಒಳಗೆ ಹೋದರೆ ಅಲ್ಲೇ ಸಂದು.

ಮದ್ದೂರು ಕಡೆಯ ನನ್ನ ಗೆಳೆಯನೊಬ್ಬ ತೋಟದಲ್ಲಿ ಇಂಥದ್ದೊಂದು ಮಾಡಿಸಿಟ್ಟಿದ್ದಾನೆ. "ಏನ್ಲಾ ಇದು, ಎಲ್ಲಾ ಮುಚ್ಚಿದ್ರೂ ಮುಳ್ಳು ಕೆಳಕ್ಕೇ ಬರಾಕಿಲ್ಲ ಅಂತದೆ" ಅಂತ ಫೋನು. ಹೋಗಿ ನೋಡಿದರೆ ಮುಚ್ಚಳದ ಸುತ್ತ ಫಾಯಿಲ್ಲಿನ ಪೇಟ. ಊದುಬತ್ತಿ ಹಿಡಿದು ಕುಕ್ಕರುಗಾಲಿನಲ್ಲಿ ಡ್ರಮ್ಮಿನ ಸುತ್ತ ಬಂದೆವು. ಪೈಪಿನ ಬುಡಗಳೆಲ್ಲಾ ಸರಿ ಇದ್ದವು. ಹಿಂಭಾಗದಲ್ಲಿ, ಗೋಡೆ ಕಡೆಗೆ, ಹೊಗೆ ಇದ್ದಕ್ಕಿದ್ದ ಹಾಗೆ ಡೊಂಕಾಗಿ ಕಬ್ಬಿಣದೊಳಗೆ ಮಾಯವಾಯಿತು. ಅಲ್ಲಿ ಎರಡು ಬೋಲ್ಟ್ ತೂತು. ಹಳೇ ಗ್ರಿಲ್ಲಿನ ಕಾಲನ್ನು ಮೊದಲು ಅಲ್ಲಿ ಕೂರಿಸಿ, ಆಮೇಲೆ ಎತ್ತರ ಸರಿಹೋಗಲಿಲ್ಲ ಅಂತ ಬೇರೆ ಕಡೆ ಹಾಕಿದ್ದರಂತೆ. ತೂತು ಹಾಗೇ ಉಳಿದಿತ್ತು. ಬೂದಿ ತೆಗೆಯುವ ಬಾಗಿಲಿನ ಕೀಲಿನ ಹತ್ತಿರವೂ ಹೊಗೆ ಬಾಗಿತು.

ಆ ಹೊತ್ತಿಗೆ ವೆಲ್ಡಿಂಗ್ ಮಾಡಿಸಲು ಆಗುವುದಿಲ್ಲ. ಅದಕ್ಕೆ ದಮ್ ಬಿರಿಯಾನಿ ಪಾತ್ರೆಗೆ ಮೆತ್ತುವ ಗೋಧಿ ಹಿಟ್ಟೇ ಮದ್ದು. ಗಟ್ಟಿಯಾಗಿ ಕಲಸಿ ಎರಡು ತೂತಿಗೂ ಬಾಗಿಲಿನ ಸಂದಿಗೂ ಒತ್ತಿದೆವು. "ಚಪಾತಿ ಹಿಟ್ಟನ್ನೆಲ್ಲಾ ಡ್ರಮ್ಮಿಗೆ ಮೆತ್ತಿದ್ರೆ ರಾತ್ರಿಗೆ ಏನ್ ಮಾಡ್ಲಪ್ಪ ನಾನು" ಅಂತ ಅವರಮ್ಮ ನಗುತ್ತಾ ಬೈದರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಮುಳ್ಳು ಇಳಿಯಲು ಶುರುವಾಯಿತು.

ಈ ಹಿಟ್ಟಿನ ಉಪಾಯ ರಿಪೇರಿ ಅಲ್ಲ, ಪರೀಕ್ಷೆ. ಹಿಟ್ಟು ಮೆತ್ತಿದಾಗ ಶಾಖ ಇಳಿದರೆ ಕಳ್ಳ ಸಿಕ್ಕ ಅಂತ ಅರ್ಥ. ಇಳಿಯದಿದ್ದರೆ ಇನ್ನೊಂದು ಸಂದು ಇದೆ, ಹುಡುಕಿ. ಒಂದೊಂದೇ ಜಾಗ ಮೆತ್ತಿ ಹತ್ತು ಹದಿನೈದು ನಿಮಿಷ ಕಾದರೆ ಯಾವುದು ದೊಡ್ಡ ಸಂದು ಅಂತಲೂ ಗೊತ್ತಾಗುತ್ತದೆ. ಆಮೇಲೆ ಡ್ರಮ್ಮು ತಣ್ಣಗಾದಾಗ ಸರಿಯಾದ ರಿಪೇರಿ. ಬೇಡದ ತೂತಿಗೆ ಸ್ಟೇನ್‌ಲೆಸ್ ಬೋಲ್ಟು, ಎರಡೂ ಕಡೆ ಅಗಲವಾದ ವಾಷರ್. ಪೈಪಿನ ಬುಡಕ್ಕೆ ಸುತ್ತ ವೆಲ್ಡಿಂಗ್. ನಾಲ್ಕು ಕಡೆ ಚುಕ್ಕಿ ಇಟ್ಟು ಬಿಡುವ ಟ್ಯಾಕ್ ವೆಲ್ಡಿಂಗ್ ಸಾಲದು, ಪೂರ್ತಿ ಸುತ್ತು ಬರಬೇಕು. ವೆಲ್ಡರ್ ಅಣ್ಣನಿಗೆ "ನೀರು ನಿಲ್ಲಬೇಕು" ಅಂತ ಹೇಳಿ, ಅವರಿಗೆ ತಕ್ಷಣ ಅರ್ಥವಾಗುತ್ತದೆ. ಬಾಗಿಲಿಗೆ ಒಲೆಗಳಿಗೆ ಹಾಕುವ ಫೈಬರ್‌ಗ್ಲಾಸ್ ಹಗ್ಗ. ಗುಜರಿ ಅಂಗಡಿಯಲ್ಲಿ ಹಳೇ ಬಾಯ್ಲರಿನ ಬಿಳಿ ಹಗ್ಗ ಸಿಕ್ಕರೆ ಮುಟ್ಟಬೇಡಿ, ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರುವ ಸಾಧ್ಯತೆ ಇದೆ.

ನನ್ನನ್ನು ಕೇಳಿದರೆ ಡ್ರಮ್ಮಿಗೆ ಪಕ್ಕದ ಬಾಗಿಲೇ ಬೇಡ. ಬುಟ್ಟಿಗೆ ಉದ್ದನೆಯ ಹಿಡಿ ಹಾಕಿಸಿದರೆ ಮೇಲಿನಿಂದಲೇ ಎತ್ತಬಹುದು. ಬಾಗಿಲು ಕತ್ತರಿಸಿದ ದಿನದಿಂದ ಆ ಸಂದಿನ ಹಿಂದೆಯೇ ಓಡಾಟ.

ಸಂದು ಒಂದೂ ಸಿಗಲಿಲ್ಲ, ಆದರೂ ಶಾಖ ಜಾಸ್ತಿ ಅಂದರೆ ಎರಡು ಕಾರಣ ಇರಬಹುದು. ಒಂದು, ಶುರುವಿನಲ್ಲೇ ಜಾಸ್ತಿ ಕೆಂಡ ಹಾಕಿದ್ದೀರಿ. ಬುಟ್ಟಿ ತುಂಬಾ ಹೊತ್ತಿಸದ ಇದ್ದಿಲು ಇಟ್ಟು, ನಡುವೆ ಹತ್ತು ಹನ್ನೆರಡು ತುಂಡು ಕೆಂಡ ಹಾಕಿದರೆ ಸಾಕು. ಬೆಂಕಿ ತಾನೇ ನಿಧಾನವಾಗಿ ಹರಡಿಕೊಳ್ಳುತ್ತದೆ. ಬುಟ್ಟಿ ಪೂರ್ತಿ ನಿಗಿನಿಗಿ ಮಾಡಿಕೊಂಡು ಮುಚ್ಚಳ ಹಾಕಿದರೆ ಅದನ್ನು ಇಳಿಸುವುದು ಗಂಟೆಗಟ್ಟಲೆ ಕೆಲಸ. ಬೇಕಾದ ಶಾಖಕ್ಕೆ ಇನ್ನೂ 20-25 ಡಿಗ್ರಿ ಇರುವಾಗಲೇ ಗಾಳಿ ಕಡಿಮೆ ಮಾಡುತ್ತಾ ಬನ್ನಿ. ಡ್ರಮ್ಮಿನಲ್ಲಿ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಎರಡನೆಯದು, ನೀವು ಪದೇಪದೇ ಮುಚ್ಚಳ ತೆಗೆದು ನೋಡುತ್ತಿದ್ದೀರಿ. ಪ್ರತಿ ಸಲವೂ ಕೆಂಡಕ್ಕೆ ಬೇಕಾದಷ್ಟು ಗಾಳಿ ಸಿಗುತ್ತದೆ. ಮುಚ್ಚಿದ ಮೇಲೆ ಶಾಖ ಸ್ವಲ್ಪ ಹೊತ್ತು ಮೇಲೆ ಹೋಗಿ ತಾನೇ ಇಳಿಯುತ್ತದೆ. ಆಗ ವಾಲ್ವ್ ತಿರುಗಿಸಿದರೆ ಕೆಟ್ಟಿತು. ಒಂದು ಸಲ ವಾಲ್ವ್ ಮುಟ್ಟಿದರೆ ಕಾಲು ಗಂಟೆ ಕೈ ಕಟ್ಟಿಕೊಂಡು ಕೂತಿರಬೇಕು.

ಮುಚ್ಚಳ ಹಾಕಿದ ಕೂಡಲೇ ಬೆಂಕಿ ಸಾಯುತ್ತಿದೆ

ಇದು ಮೇಲಿನದ್ದಕ್ಕೆ ಉಲ್ಟಾ. ಮುಚ್ಚಳ ತೆಗೆದಾಗ ಧಗಧಗ, ಹಾಕಿದ ಅರ್ಧ ಗಂಟೆಗೆ 80ಕ್ಕೆ ಇಳಿದು ನಿಲ್ಲುತ್ತದೆ. ಎಲ್ಲರೂ ಕೆಳಗಡೆ ಇನ್ನೊಂದು ಗಾಳಿಕಿಂಡಿ ಹಾಕಿಸಲು ಓಡುತ್ತಾರೆ. ಮೊದಲು ಮೇಲೆ ನೋಡಿ. ಹೊಗೆ ಹೊರಗೆ ಹೋಗದಿದ್ದರೆ ಗಾಳಿ ಒಳಗೆ ಬರುವುದಿಲ್ಲ.

ಹೊಗೆಕಿಂಡಿಯ ಲೆಕ್ಕ ಕಣ್ಣಂದಾಜಿನಲ್ಲಿ ಮೋಸ ಹೋಗುವಂಥದ್ದು. ಎರಡು ಇಂಚಿನ ಒಂದು ತೂತಿಗೆ ಸಮನಾಗಲು ಅರ್ಧ ಇಂಚಿನ ತೂತು ನಾಲ್ಕು ಸಾಲದು, ಹದಿನಾರು ಬೇಕು. ಅಡ್ಡಳತೆ ಅರ್ಧಕ್ಕೆ ಇಳಿದರೆ ವಿಸ್ತಾರ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೆ. ಮುಕ್ಕಾಲು ಇಂಚಿನ ಮೂರು ಗಾಳಿ ಪೈಪಿಗೆ ಮುಚ್ಚಳದಲ್ಲಿ ಅರ್ಧ ಇಂಚಿನ ಎಂಟು ತೂತು ಹೆಚ್ಚೂಕಡಿಮೆ ಸಮ. ಪೈಪು ನಾಲ್ಕಿದ್ದರೆ ತೂತು ಹನ್ನೊಂದಾದರೂ ಬೇಕು. ಡ್ರಮ್ಮಿನ ಮೂಲ ಮುಚ್ಚಳದಲ್ಲೇ ಎರಡು ಇಂಚಿನ ಬಿರಡೆ ಇದ್ದರೆ ಅದನ್ನು ತೆಗೆದುಬಿಟ್ಟರೆ ಹೊಗೆಕಿಂಡಿ ತಯಾರು. ಮಳೆಗೆ ಅಂತ ಹೊಗೆಕಿಂಡಿಯ ಮೇಲೆ ತಗಡಿನ ಟೋಪಿ ಹಾಕಿಸಿದ್ದರೆ ಅದೆಷ್ಟು ಎತ್ತರದಲ್ಲಿದೆ ಅಂತ ನೋಡಿ. ತೀರಾ ಹತ್ತಿರ ಕೂತಿದ್ದರೆ ಕಿಂಡಿ ಮುಚ್ಚಿದ ಹಾಗೇ.

ಮೇಲೆ ಸರಿ ಇದ್ದರೆ ಬೂದಿ ನೋಡಿ. ಬುಟ್ಟಿ ನೇರವಾಗಿ ತಳದ ಮೇಲೆ ಕೂತಿದ್ದರೆ ಎರಡು ಮೂರು ಗಂಟೆಯಲ್ಲಿ ಬೂದಿ ಏರಿ ಗಾಳಿ ಪೈಪಿನ ಬಾಯಿ ಕಟ್ಟುತ್ತದೆ. ಶುರುವಿನಲ್ಲಿ ಚೆನ್ನಾಗಿದ್ದು ಮಧ್ಯದಲ್ಲಿ ಕೈಕೊಡುವ ಡ್ರಮ್ಮಿನ ಕಥೆ ಇದೇ. ಬುಟ್ಟಿಗೆ ಎರಡೂವರೆ ಮೂರು ಇಂಚಿನ ಕಾಲು ಹಾಕಿಸಿ. ಸದ್ಯಕ್ಕೆ ಒಂದು ಕಂಬಿ ತೂರಿಸಿ ಪೈಪಿನ ಬಾಯಿ ಕೆದಕಿದರೆ ಬೆಂಕಿ ಎದ್ದೇಳುತ್ತದೆ. ಎದ್ದರೆ ಕಾರಣ ಅದೇ ಅಂತ ಖಾತ್ರಿ.

ಇದ್ದಿಲಿನ ಸರದಿ ಈಗ. ಆಷಾಢ ಶ್ರಾವಣದಲ್ಲಿ ಚೀಲದಲ್ಲಿಟ್ಟ ಇದ್ದಿಲು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎರಡು ತುಂಡು ಒಂದಕ್ಕೊಂದು ತಾಕಿಸಿ. ಠಣ್ ಅಂದರೆ ಒಣಗಿದೆ. ಮೆತ್ತನೆ ದಬ್ ಅಂದರೆ ಬಿಸಿಲಿಗೆ ಹಾಕಿ, ಮುಂದೆ ಮುಚ್ಚಳ ಇರುವ ಡಬ್ಬದಲ್ಲಿಡಿ. ಚೀಲದ ತಳದ ಪುಡಿಯನ್ನು ಬುಟ್ಟಿಗೆ ಸುರಿಯಬೇಡಿ, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಬೂದಿ ಕಡಿಮೆ, ಶಾಖ ಚೆನ್ನಾಗಿ ಕೊಡುತ್ತದೆ. ಆದರೆ ತುಂಡು ಚಿಕ್ಕದು, ಒತ್ತಾಗಿ ಕೂರುತ್ತದೆ. ಸೌದೆ ಇದ್ದಿಲಿನ ದಪ್ಪ ತುಂಡುಗಳ ಜೊತೆ ಬೆರೆಸಿದರೆ ಉಸಿರಾಡುತ್ತದೆ.

ದಟ್ಟ ಬಿಳಿ ಹೊಗೆ, ಕಹಿ ಮಾಂಸ

ಹೊಗೆ ಜಾಸ್ತಿ ಬಂದಷ್ಟೂ ರುಚಿ ಜಾಸ್ತಿ ಅನ್ನುವುದು ತಪ್ಪು ಲೆಕ್ಕ. ಒಳ್ಳೆಯ ಹೊಗೆ ಕಣ್ಣಿಗೆ ಕಂಡೂ ಕಾಣದಂತೆ ತೆಳ್ಳಗೆ, ನೀಲಿಯಾಗಿ ಇರುತ್ತದೆ. ಸುರುಳಿ ಸುರುಳಿಯಾಗಿ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಆ ಹೊಗೆ ತಣ್ಣನೆಯ ಮುಚ್ಚಳಕ್ಕೆ ತಾಗಿ ಡಾಂಬರಿನಂಥ ಜಿಡ್ಡಾಗಿ ಕೂರುತ್ತದೆ. ಹಳ್ಳಿ ಅಡಿಗೆಮನೆಯ ಜಂತೆಗೆ ಹಿಡಿದಿರುವ ಇಲ್ಲಣ ನೋಡಿದ್ದೀರಲ್ಲ, ಅದೇ. ಮುಚ್ಚಳದ ಒಳಗೆ ಬೆರಳಿಟ್ಟು ನೋಡಿ. ಒಣಗಿದ ಕಪ್ಪು ಮಸಿ ಇದ್ದರೆ ಚಿಂತೆ ಇಲ್ಲ. ಹೊಳೆಯುವ, ಅಂಟುವ ಕಪ್ಪು ಇದ್ದರೆ ಅದು ಕರಗಿ ಮಾಂಸದ ಮೇಲೆ ತೊಟ್ಟಿಕ್ಕಿದೆ. ಕೆರೆದು ತೆಗೆಯಿರಿ.

ಕಾರಣ ಹುಡುಕುವುದು ಸುಲಭ. ಶಾಖ ಕಡಿಮೆ ಮಾಡಲು ಹೊಗೆಕಿಂಡಿ ಮುಚ್ಚುವ ಅಭ್ಯಾಸ ಇದೆಯಾ? ಬಿಡಿ. ಶಾಖದ ಲಗಾಮು ಯಾವಾಗಲೂ ಕೆಳಗಿನ ಗಾಳಿಕಿಂಡಿಯಲ್ಲಿ ಇರಬೇಕು, ಮೇಲಿನದು ಸದಾ ತೆಗೆದೇ ಇರಬೇಕು. ಸೌದೆ ಹಸಿ ಇದೆಯಾ? ಸೌದೆಯನ್ನು ನೀರಿನಲ್ಲಿ ನೆನೆಹಾಕುವುದರಿಂದ ಹೊಗೆ ಚೆನ್ನಾಗಿ ಬರುತ್ತದೆ ಅನ್ನುವ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ನೀರು ಮೇಲ್ಪದರಕ್ಕಷ್ಟೇ ಇಳಿಯುತ್ತದೆ, ಅದು ಆವಿಯಾಗುವವರೆಗೆ ಬೆಂಕಿ ಒದ್ದಾಡುತ್ತದೆ. ಮುಷ್ಟಿ ಗಾತ್ರದ, ಚೆನ್ನಾಗಿ ಒಣಗಿದ ಮೂರು ನಾಲ್ಕು ತುಂಡು ಒಂದು ಸಲಕ್ಕೆ ಸಾಕು. ಮುಚ್ಚಳ ಹಾಕಿದ ಮೊದಲ ಇಪ್ಪತ್ತು ಮೂವತ್ತು ನಿಮಿಷ ಬಿಳಿ ಹೊಗೆ ಬರುವುದು ಸಹಜ. ಅದು ತೆಳ್ಳಗಾದ ಮೇಲೆ ಮಾಂಸ ಇಡಿ.

ಯಾವ ಸೌದೆ ಅಂತ ಕೇಳಿದರೆ ನನ್ನ ಓಟು ಸೀಬೆಗೆ. ಮಾವು, ನೇರಳೆ ಕೂಡ ಚೆನ್ನ. ಹುಣಸೆ ಸ್ವಲ್ಪ ಖಡಕ್ಕು, ಕಡಿಮೆ ಹಾಕಿ. ನೀಲಗಿರಿ ಬೇಡ, ಎಣ್ಣೆಯ ವಾಸನೆ ಮಾಂಸಕ್ಕೆ ಹಿಡಿಯುತ್ತದೆ. ಕಣಗಿಲೆ ಅಂತೂ ಬೇಡವೇ ಬೇಡ, ಅದು ವಿಷ. ಬೇಲಿ ಸವರಿದ ರಾಶಿಯಿಂದ ಸೌದೆ ಆರಿಸಿಕೊಳ್ಳುವಾಗ ಇದನ್ನು ನೆನಪಿಟ್ಟುಕೊಳ್ಳಿ. ಪ್ಲೈವುಡ್, ಪೇಂಟ್ ಹೊಡೆದ ಬಾಗಿಲು ಕಿಟಕಿ ಚೂರು, ಪ್ಯಾಕಿಂಗ್ ಮರ, ಇವೂ ಹೊರಗೆ. ಮಂಡ್ಯದ ಕಡೆ ಆಲೆಮನೆಯ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಬಿಟ್ಟಿ ಸಿಗುತ್ತದೆ ಅಂತ ಹಾಕಿ ನೋಡುವವರಿದ್ದಾರೆ. ಅದು ಕೊಪ್ಪರಿಗೆಯ ಕೆಳಗೆ ಭುಗ್ ಅಂತ ಉರಿಯುವುದಕ್ಕೆ ಸರಿ. ನಮಗೆ ಬೇಕಾದ ನಿಧಾನದ ಹೊಗೆ ಅದರಿಂದ ಬರುವುದಿಲ್ಲ.

ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ

ಬುಟ್ಟಿ ನಟ್ಟನಡುವೆ ಇದೆಯಾ ಅಂತ ನೋಡಿ. ಇದ್ದರೆ ಗಾಳಿಯ ದಿಕ್ಕು ನೋಡಿ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕಡೆ ಪಶ್ಚಿಮ, ನೈರುತ್ಯದಿಂದ ಜೋರು ಗಾಳಿ. ಆ ಕಡೆಗೆ ಮುಖ ಮಾಡಿರುವ ಪೈಪು ವಾಲ್ವ್ ಸ್ವಲ್ಪ ತೆಗೆದರೂ ತಿದಿ ಒತ್ತಿದಂತೆ ಊದುತ್ತದೆ. ಆ ಮಗ್ಗುಲ ಕೆಂಡ ಮಾತ್ರ ಉರಿದು ಆ ಕಡೆಯ ಮಾಂಸ ಸುಡುತ್ತದೆ. ಡ್ರಮ್ಮು ತಿರುಗಿಸಿ, ಇಲ್ಲಾ ಆ ಕಡೆ ಒಂದು ತಗಡು ಅಡ್ಡ ಇಡಿ. ಗಾಳಿ ಬೀಸುತ್ತದೆ ಅಂತ ಕಾರ್ ಶೆಡ್ಡಿನೊಳಗೆ, ಮುಚ್ಚಿದ ವರಾಂಡಕ್ಕೆ ಎಳೆದುಕೊಂಡು ಹೋಗಬೇಡಿ. ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕೊಬ್ಬಿನ ಕಾಟ ಬೇರೆ. ಬಂಡೂರು ಕುರಿಯ ತೊಡೆಯಂಥ ಕೊಬ್ಬಿರುವ ಮಾಂಸ ಇಟ್ಟರೆ ಕೊಬ್ಬು ನೇರ ಕೆಂಡದ ಮೇಲೆ ಬೀಳುತ್ತದೆ. ಸ್ವಲ್ಪ ಬಿದ್ದರೆ ಅದೇ ಡ್ರಮ್ಮಿನ ರುಚಿ, ಅದು ಬೇಕು. ಮುಚ್ಚಳ ತೆಗೆದಾಗ ಜ್ವಾಲೆ ಜಾಲರಿವರೆಗೆ ಎದ್ದರೆ ಜಾಸ್ತಿಯಾಯಿತು. ಬುಟ್ಟಿ ಮತ್ತು ಜಾಲರಿಯ ನಡುವೆ ಹಳೇ ಕಬ್ಬಿಣದ ಕಾವಲಿ ತೂಗುಹಾಕಿ, ಸುತ್ತ ಗಾಳಿ ಹೋಗಲು ಜಾಗ ಬಿಡಿ. ಎದ್ದ ಜ್ವಾಲೆಗೆ ನೀರು ಹಾಕಬೇಡಿ, ಬೂದಿ ಹಾರಿ ಮಾಂಸಕ್ಕೆ ಮೆತ್ತುತ್ತದೆ. ಮುಚ್ಚಳ ಹಾಕಿ, ತಾನೇ ಆರುತ್ತದೆ.

ಪೇಂಟಿನ ವಾಸನೆ, ಗಂಟಲು ಉರಿ

ಇದು ರುಚಿಯ ಪ್ರಶ್ನೆ ಅಲ್ಲ, ಹಾಗಾಗಿ ಇಲ್ಲಿ ತಾಳ್ಮೆ ಬೇಡ. ವಾಸನೆ ಬಂದರೆ ಅಡಿಗೆ ನಿಲ್ಲಿಸಿ.

ಡ್ರಮ್ಮಿನ ಒಳಗೆ ಲೈನಿಂಗ್ ಇತ್ತಾ? ಬಹಳಷ್ಟು ಡ್ರಮ್ಮುಗಳ ಒಳಗೆ ಕಂದು ಅಥವಾ ಬಂಗಾರ ಬಣ್ಣದ ತೆಳು ಲೇಪ ಇರುತ್ತದೆ. ಚಾಕುವಿನ ತುದಿಯಲ್ಲಿ ಗೀಚಿ, ಸಿಪ್ಪೆ ಏಳುತ್ತಿದ್ದರೆ ಇನ್ನೂ ಇದೆ. ಊರಾಚೆ ಬಯಲಿನಲ್ಲಿ ಒಳಗೆ ಜೋರು ಸೌದೆ ಬೆಂಕಿ ಹಾಕಿ ಪೂರ್ತಿ ಸುಡಬೇಕು, ಆಮೇಲೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಬೇಕು. ಉಜ್ಜುವಾಗ ಕನ್ನಡಕ, ಮಾಸ್ಕ್. ಆಮೇಲೆ ಅಡಿಗೆ ಎಣ್ಣೆ ಸವರಿ ಖಾಲಿ ಡ್ರಮ್ಮನ್ನು ಒಂದೆರಡು ಗಂಟೆ ಕಾಯಿಸಿ. ಅದರಲ್ಲಿ ಮೊದಲು ಏನಿತ್ತು ಅಂತ ಗೊತ್ತಿಲ್ಲದ ಡ್ರಮ್ಮು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕೀಟನಾಶಕ, ಥಿನ್ನರ್ ತುಂಬಿದ್ದನ್ನು ಸುಟ್ಟು ಶುದ್ಧ ಮಾಡುತ್ತೇನೆ ಅನ್ನುವುದು ಸುಳ್ಳು ಧೈರ್ಯ. ಮಾವಿನ ಪಲ್ಪ್ ತುಂಬುವ ಡ್ರಮ್ಮು ಸಿಕ್ಕರೆ ಬಿಡಬೇಡಿ. ಅದರಲ್ಲಿ ಪಲ್ಪ್ ಒಳಗಿನ ಚೀಲದಲ್ಲಿರುತ್ತದೆ, ಡ್ರಮ್ಮು ಶುದ್ಧ, ಮುಚ್ಚಳವೂ ರಿಂಗೂ ಜೊತೆಗೇ ಬರುತ್ತದೆ. ತಲೆ ಮುಚ್ಚಿದ ಡ್ರಮ್ಮು ಕತ್ತರಿಸಬೇಕಾದರೆ ಕತ್ತರಿಸುವ ಗೆರೆಯ ಹತ್ತಿರದವರೆಗೂ ನೀರು ತುಂಬಿಸಿಯೇ ಕೊಡಿ. ಒಳಗೆ ಉಳಿದ ಆವಿಗೆ ಗ್ರೈಂಡರಿನ ಕಿಡಿ ತಗುಲಿದರೆ ಡ್ರಮ್ಮು ಬಾಂಬು.

ಹಳೇ ಭಾಗಗಳಲ್ಲಿ ನೋಡಬೇಕಾದದ್ದು ಸತು ಲೇಪ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಸತು ಲೇಪದ ಜಿಐ ಪೈಪೇ. ಬೆಂಕಿಯ ಹತ್ತಿರಕ್ಕೆ ಅದು ಬೇಡ, ಅದಕ್ಕೆ ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಎಂ.ಎಸ್. ಪೈಪು (ಲೇಪವಿಲ್ಲದ ಸಾದಾ ಉಕ್ಕು, ಮೈಲ್ಡ್ ಸ್ಟೀಲ್) ಕತ್ತರಿಸಿಕೊಡಿ ಅಂತ ಕೇಳಿ. ತಗಡಿನ ಮೇಲೆ ಹೂವಿನ ಹಾಗೆ ಚೂರು ಚೂರು ಹೊಳಪಿನ ಚಿತ್ತಾರ ಇದ್ದರೆ ಅದು ಸತುವೇ. ಹಳೇ ಫ್ರಿಜ್ಜಿನ ಕಂಬಿ ತಟ್ಟೆ ಅಳತೆಗೆ ಸರಿಯಾಗಿ ಕೂತರೂ ಮಾಂಸ ಇಡಲು ಬಳಸಬೇಡಿ, ಅದರ ಲೇಪ ಶಾಖಕ್ಕೆ ಮಾಡಿದ್ದಲ್ಲ. ಚಿಪ್ಪೆದ್ದ ಎನಾಮಲ್ ಜಾಲರಿಯೂ ಬೇಡ. ಬೀಡು ಕಬ್ಬಿಣದ್ದು ಅಥವಾ ಸ್ಟೇನ್‌ಲೆಸ್ ಸಿಕ್ಕರೆ ತುಕ್ಕು, ಮಸಿ ಎಷ್ಟೇ ಇದ್ದರೂ ಉಜ್ಜಿ ಉಪಯೋಗಿಸಬಹುದು. ಹೊರಗಿನ ಪೇಂಟ್ ಸುಲಿಯುತ್ತಿದ್ದರೆ ಶಾಖ ತಡೆಯುವ ಪೇಂಟ್ ಹೊರಗಡೆಗೆ ಮಾತ್ರ ಹೊಡೆಯಿರಿ, ಒಳಗೆ ಎಣ್ಣೆ ಬಿಟ್ಟು ಏನೂ ಇಲ್ಲ.

ಡ್ರಮ್ಮು ಸರಿ ಇದೆ, ಮಾಂಸ ಬೇಯುತ್ತಿಲ್ಲ

ಮಾಂಸದೊಳಗಿನ ಶಾಖ 65-70ರ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ದೊಡ್ಡ ತುಂಡಾದರೆ ಇದು ಆಗಿಯೇ ಆಗುತ್ತದೆ. ಮಾಂಸದ ನೀರು ಮೇಲ್ಮೈಯಲ್ಲಿ ಆವಿಯಾಗುತ್ತಾ ಅದನ್ನು ತಣ್ಣಗೆ ಇಡುತ್ತಿರುತ್ತದೆ, ಬೆವರು ನಮ್ಮನ್ನು ತಣ್ಣಗಿಟ್ಟಂತೆ. ಇದು ದೋಷ ಅಲ್ಲ. ಗಾಬರಿಯಲ್ಲಿ ಎಲ್ಲಾ ವಾಲ್ವ್ ತೆಗೆದುಬಿಟ್ಟರೆ ಆಮೇಲೆ ದೋಷವಾಗುತ್ತದೆ. ಕಾಯುವ ತಾಳ್ಮೆ ಇಲ್ಲದಿದ್ದರೆ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಮೇಲೆ ಫಾಯಿಲ್ ಸುತ್ತಿ, ಆವಿ ಹೊರಗೆ ಹೋಗದೆ ಶಾಖ ಮತ್ತೆ ಏರುತ್ತದೆ.

ಕೋಳಿಯ ಚರ್ಮ ರಬ್ಬರಿನಂತಾದರೆ ಶಾಖ ಕಡಿಮೆಯಾಯಿತು, ಕೊನೆಯಲ್ಲಿ 150-160ಕ್ಕೆ ಏರಿಸಿ. ಬಣ್ಣ ನೋಡಿ ಬೆಂದಿದೆ ಅನ್ನಬೇಡಿ, ಹೊಗೆಯಲ್ಲಿ ಹಸಿ ಕೋಳಿಯೂ ಕೆಂಪಗೆ ಚೆಂದ ಕಾಣುತ್ತದೆ. ತೊಡೆಯ ದಪ್ಪ ಭಾಗದಲ್ಲಿ 74 ಡಿಗ್ರಿ ಬಂದಿರಬೇಕು. ಮಂಡ್ಯದ ಬೆಲ್ಲ ಹಚ್ಚುವವರು ಕೊನೆಯ ಅರ್ಧ ಗಂಟೆಯಲ್ಲಿ ಹಚ್ಚಿ, ಮೊದಲೇ ಹಚ್ಚಿದರೆ ಸೀದು ಕಹಿಯಾಗುತ್ತದೆ. ಆ ಕಹಿಗೆ ಹೊಗೆಯನ್ನು ಬೈದು ಪ್ರಯೋಜನ ಇಲ್ಲ.

ಆರಿಸುವಾಗ ಒಂದು ಕೊನೆಯ ಪರೀಕ್ಷೆ

ಅಡಿಗೆ ಮುಗಿದ ಮೇಲೆ ಮೇಲೆ ಕೆಳಗೆ ಎಲ್ಲಾ ಕಿಂಡಿ ಬಿಗಿಯಾಗಿ ಮುಚ್ಚಿ ಹೋಗಿ ಮಲಗಿ. ಬೆಳಗ್ಗೆ ಬುಟ್ಟಿ ನೋಡಿ. ಉಳಿದಿದ್ದ ಇದ್ದಿಲು ಹಾಗೇ ಕಪ್ಪಗೆ ಉಳಿದಿದ್ದರೆ ಡ್ರಮ್ಮು ಬಿಗಿಯಾಗಿದೆ, ಆ ಇದ್ದಿಲು ಮುಂದಿನ ಸಲಕ್ಕೆ ಆಯಿತು. ಬರೀ ಬೂದಿ ಉಳಿದಿದ್ದರೆ ಎಲ್ಲೋ ಸಂದು ಇದೆ. ಬೂದಿ ಒಂದೇ ಕಡೆ ಜಾಸ್ತಿ ಬೆಳ್ಳಗಿದ್ದರೆ ಆ ಮಗ್ಗುಲಿಗೇ ಊದುಬತ್ತಿ ಹಿಡಿಯಿರಿ.

ಬೂದಿ ತಣ್ಣಗಿದೆ ಅಂತ ಕಂಡರೂ ಒಂದು ದಿನ ಪೂರ್ತಿ ತಗಡಿನ ಡಬ್ಬದಲ್ಲಿಡಿ. ಒಳಗೆ ಕೆಂಡ ಉಳಿದಿರುತ್ತದೆ. ಪ್ಲಾಸ್ಟಿಕ್ ಕಸದ ಬುಟ್ಟಿಗೂ ಬೇಡ, ಕಬ್ಬಿನ ತರಗಿನ ಹತ್ತಿರವಂತೂ ಬೇಡ. ಆಮೇಲೆ ತೆಂಗಿನ ಬುಡಕ್ಕೆ ಹಾಕಬಹುದು. ಕೊಬ್ಬು ಸುರಿದು ಗಟ್ಟಿಯಾದ ಬೂದಿಯನ್ನು ಮಾತ್ರ ಹಾಕಬೇಡಿ, ವಾಸನೆಗೆ ನಾಯಿಗಳು ಬಂದು ಬುಡ ಕೆದಕುತ್ತವೆ.